ಮಾವಾರು ಬಿಟ್ಟ ಸಂದು

ನಾನು ನಮ್ಮ ಮಾವಾರ ಎದುರು ಕುರ್ಚಿ ಮ್ಯಾಲೆ ಕುಂತಿದ್ದು ಮದುವ್ಯಾಗಿ ಹನ್ನೊಂದು ವರ್ಷ ಆದ ಮ್ಯಾಲೆ. ಅದೂ ಯುದ್ಧ ಮಾಡಾಕ.

ನಗಬ್ಯಾಡ್ರಿ. ಕುಷ್ಟಗಿಯ ನಮ್ಮ ಓಣ್ಯಾಗ ಸೊಸಿ ಅಂದ್ರ ಮಾವನ ಮುಂದ ತಲಿ ಮ್ಯಾಲೆ ಸೆರಗು, ಬಾಗಿಲ ಮರಿಗೆ ನಿಂತು ಮಾತು. ಚಾ ಕೊಟ್ರೂ ಕಪ್ಪು ಇಟ್ಟು ಸರದು ನಿಂದ್ರೋದು. ನಾನು ಬಿ.ಎ. ಓದಿದಾಕಿ, ಯಲಬುರ್ಗಾದ ತವರುಮನ್ಯಾಗ ಅಪ್ಪನ ಜೋಡಿ ಜಗಳಾಡಿ ಬೆಳದಾಕಿ, ಬಾಯಿ ಜೋರು. ಆದ್ರೂ ಈ ಮನಿಗೆ ಬಂದ ಮ್ಯಾಲೆ ನಿಂತ ಮಾತಾಡಿದೆ. ನಿಂದ್ರು ಅಂತ ಯಾರೂ ಅಂದಿದ್ದಿಲ್ಲ. ಕುಂದ್ರು ಅಂತನೂ ಅಂದಿದ್ದಿಲ್ಲ.

ಮಾವಾರು ಬಾಂಡ್ ರೈಟರ್. ರಜಿಸ್ಟರ್ ಆಫೀಸಿನ ಮುಂದ ತಗಡಿನ ಶೆಡ್ಡಿನ್ಯಾಗ ಸಣ್ಣ ಮೇಜು ಹಾಕ್ಕೊಂಡು ಖರೀದಿ ಪತ್ರ, ದಾನ ಪತ್ರ, ಆಸ್ತಿ ಪಾಲು ಮಾಡೋ ವಾಟ್ನಿ ಪತ್ರ ಬರಕೋತ ಬರಕೋತ ವಯಸ್ಸಾದವ್ರು. ಅವರು ಬರದ ಪತ್ರದಾಗ ತಕರಾರು ತಗ್ಯಾಕ ಬೆರಳು ಇಡೋವಷ್ಟು ಸಂದು ಇರಂಗಿಲ್ಲ ಅಂತ ಮಂದಿ ಅಂತಿದ್ರು. ಆಮ್ಯಾಲೆ ಎಲ್ಲಾ ಕಂಪ್ಯೂಟರ್ ಆತು, ಇವರ ಕಣ್ಣೂ ಮಂಜಾದ್ವು, ಶೆಡ್ಡು ಬಿಟ್ಟು ಮನಿ ಹಿಡಿದ್ರು. ಅತ್ತಿಯಾರು ತೀರಿಕೊಂಡು ಆಗಲೇ ಎರಡು ವರ್ಷ. ನನ್ನ ಗಂಡ ಕರೆಂಟ್ ಆಫೀಸಿಗೆ ಹೋದ್ರ ಸಂಜಿಗೇ ಬರೋದು. ಮಧ್ಯಾಹ್ನ ಅಂದ್ರ ಪಡಸಾಲ್ಯಾಗ ಮಾವಾರು, ಅಡಗಿಮನ್ಯಾಗ ನಾನು. ನಡುವ ಗಡಿಯಾರದ ಸಪ್ಪಳ ಅಷ್ಟ.

ಒಂದು ಸಲ ಕಣ್ಣು ತೋರಸಾಕ ಹುಬ್ಬಳ್ಳಿಗೆ ಹೋದವ್ರು ಅಲ್ಲೆ ರಸ್ತಾದ ಬಾಜು ಹಳೇ ಪುಸ್ತಕದ ಗುಂಪಿಯೊಳಗ ಒಂದು ಡಬ್ಬಿ ಕೊಂಡ್ಕೊಂಡು ಬಂದ್ರು. ಒಳಗ ದೊಡ್ಡದೊಂದು ಮಡಚಿದ ನಕಾಶಿ. ಅದರ ತುಂಬ ಜೇನಹುಟ್ಟಿನಂಗ ಆರು ಮೂಲಿ ಮನಿಗಳು, ಒಂದೊಂದು ಮನ್ಯಾಗೂ ನಾಕು ಅಂಕಿಯ ನಂಬರು. ಮಾವಾರು ಅದನ್ನ ಸರ್ವೇ ನಕಾಶಿ ಅಂತ ತಿಳದಿದ್ರು! ಯಾವುದೋ ಹೊರಗಿನ ದೇಶದ ಹೊಲ ಅಳದ ನಕಾಶಿ, ಆ ಕಡಿ ಮಂದಿ ಹೊಲಾನ ಆರು ಮೂಲಿ ಮಾಡ್ತಾರೇನೋ ಅಂತ. ಭೂತಗನ್ನಡಿ ಹಿಡದು ಎರಡು ದಿನ ಚಕ್ಕುಬಂದಿ ಹುಡುಕಿದ್ರು. ಮೂಡಣಕ್ಕ ಯಾರ ಹೊಲ, ಪಡುವಣಕ್ಕ ಯಾರ ಹೊಲ ಅಂತ ಬರದಿಲ್ಲಲ್ಲ, ಇದೆಂಥಾ ನಕಾಶಿ ಅಂತ ಬೈದ್ರು. ಮೂರನೇ ದಿನ ಡಬ್ಬಿಯೊಳಗಿನ ಇಂಗ್ಲಿಷ್ ಪುಸ್ತಕ ಬಾಗಿಲ ಹತ್ರ ಇಟ್ಟು, ಇದನ್ನೊಂದೀಟು ಓದಿ ಹೇಳವ್ವ ಅಂದ್ರು.

ನಿಂತ ಓದಿದೆ. ಓದಿ ನಗು ತಡಕೊಳ್ಳಾಕ ಆಗ್ಲಿಲ್ಲ. ಅದು ಮೇಜಿನ ಮ್ಯಾಲೆ ಆಡೋ ಯುದ್ಧದಾಟ. ಕೆಂಪು ದಂಡು ಒಂದು, ನೀಲಿ ದಂಡು ಒಂದು, ರಟ್ಟಿನ ಕಾಯಿ, ಒಂದು ದಾಳ. ಮನಿಯಿಂದ ಮನಿಗೆ ದಂಡು ನಡಸೋದು, ನದಿ ದಾಟೋದು, ಕ್ವಾಟಿ ಹಿಡಿಯೋದು. ಮಾವಾರೂ ನಕ್ಕರು. ಅವರು ನಕ್ಕಿದ್ದು ಅತ್ತಿಯಾರು ಹೋದ ಮ್ಯಾಲೆ ಅವತ್ತ ನೋಡಿದ್ದು ನಾನು.

ಆಮ್ಯಾಲೆ ಅವರು ಸುಮ್ನ ಕೂಡೋ ಆಸಾಮಿ ಅಲ್ಲ. ಹಂಗಾದ್ರ ಆಡೋಣು ಅಂದ್ರು. ನಾನು ನಿಂತ ಆಡಿದೆ. ಎಂಟು ದಿನ ಮೇಜಿನ ಬಾಜು ಸೆರಗು ಸರಿಮಾಡ್ಕೋತ ಬಗ್ಗಿ ಬಗ್ಗಿ ಕಾಯಿ ನಡಸಿದೆ, ಸೊಂಟ ಹಿಡೀತು. ಒಂಬತ್ತನೇ ದಿನ ಮಾವಾರು ಪುಸ್ತಕದ ಮೊದಲನೇ ಹಾಳಿ ಮತ್ತೊಮ್ಮೆ ಓದಸಿದ್ರು. ಆಡೋರು ಇಬ್ಬರೂ ಮೇಜಿನ ಆಕಡಿ ಈಕಡಿ ಎದುರಾಬದುರಾ ಕುಂದ್ರಬೇಕು ಅಂತ ಅದರಾಗ ಬರದಿತ್ತು. ಮಾವಾರು ಗಂಭೀರಾಗಿ, ಬರದದ್ದು ಬರದಂಗ ನಡೀಬೇಕಲ್ಲವ್ವ, ಇಲ್ಲಂದ್ರ ಆಟ ರದ್ದಾಗ್ತೈತಿ ಅಂದು, ತಾವ ಎದ್ದು ಒಳಗಿಂದ ಕುರ್ಚಿ ತಂದು ಹಾಕಿದ್ರು. ನಾನು ಅಂಚಿಗೆ ಕುಂತೆ. ಯಾರರ ನೋಡಿದ್ರ ಏನಂತಾರೋ ಅಂತ ಘಳಿಗಿಗೊಮ್ಮೆ ಬಾಗಿಲ ಕಡಿ ನೋಡಿದೆ. ಯಾರೂ ಬರಲಿಲ್ಲ. ಅವತ್ತ ಅವರ ಎರಡು ಕಾಯಿ ಹೊಡದೆ.

ನಕಾಶಿಯೊಳಗಿನ ಊರ ಹೆಸರು ಮಾವಾರ ನಾಲಿಗಿಗೆ ಹೊಳ್ಳತಿದ್ದಿಲ್ಲ. ಅದಕ್ಕ ನಮ್ಮ ಹೆಸರ ಇಟ್ಟಿವಿ. ದೊಡ್ಡ ನದಿ ತುಂಗಭದ್ರಾ, ಗುಡ್ಡದ ಮ್ಯಾಲಿನ ಕ್ವಾಟಿ ಕೊಪ್ಪಳ, ನದಿ ದಂಡಿ ಹಸರು ಮನಿಗಳೆಲ್ಲ ಗಂಗಾವತಿ. ದೊಡ್ಡ ರಸ್ತಾದ ಮ್ಯಾಲಿನ ಸಣ್ಣ ಊರಿಗೆ ಹಿಟ್ನಾಳ ಅಂದ್ವಿ. ಹಿಟ್ನಾಳ ಹಿಡದ್ರ ಅರ್ಧ ಆಟ ಗೆದ್ದಂಗ.

ಆದ್ರ ಆ ಪುಸ್ತಕದ ಕಡೀ ನಾಕು ಹಾಳಿ ಹರದು ಹೋಗಿದ್ವು. ಇದ್ದ ಹಾಳ್ಯಾಗೂ ಬರದಾಂವ ಎಲ್ಲಾ ಬಿಡಿಸಿ ಬರದಿದ್ದಿಲ್ಲ. ನದಿ ಮನ್ಯಾಗ ನಿಂತ ದಂಡಿಗೆ ಬಲ ಅರ್ಧ ಅಂತ ಒಂದು ಕಡಿ, ರಸ್ತಾದ ಮನ್ಯಾಗ ನಿಂತ ದಂಡಿಗೆ ಬಲ ಪೂರಾ ಅಂತ ಇನ್ನೊಂದು ಕಡಿ. ಸೇತುವಿ ಮ್ಯಾಲೆ ನಿಂತ್ರ? ಅದು ರಸ್ತಾನೂ ಹೌದು, ನದಿನೂ ಹೌದು. ನನ್ನ ದಂಡು ಸೇತುವಿ ಮ್ಯಾಲೆ ಇತ್ತು, ನಾನು ಪೂರಾ ಅಂದೆ. ಅವರು ಅರ್ಧ ಅಂದ್ರು. ಮೂರು ದಿನ ಕಾಯಿ ಸರೀಲಿಲ್ಲ. ರೊಟ್ಟಿ ಬಡಿಯೋ ಮುಂದನೂ ನಾನು ಒಳಗಿಂದ ವಾದ ಮಾಡ್ತಿದ್ದೆ, ಅವರು ಹೊರಗಿಂದ ಉತ್ತರ ಕೊಡ್ತಿದ್ರು. ನನ್ನ ಗಂಡ, ನಿಮ್ಮಿಬ್ಬರಿಗೂ ಹುಚ್ಚು ಹಿಡದೈತಿ ಅಂದು ಅಂಗಿ ಹಾಕ್ಕೊಂಡು ಆಫೀಸಿಗೆ ಹೋದ್ರು.

ಕಡೀಕ ಮಾವಾರು ತಮ್ಮ ಹಳೇ ರಿವಾಜು ತಗದ್ರು. ಪತ್ರದಾಗ ಸಂದು ಬಿದ್ರ ತಾವು ಏನು ಮಾಡ್ತಿದ್ರೋ ಅದ. ಇಬ್ಬರನ್ನೂ ಕುಂದ್ರಿಸಿ, ಇಬ್ಬರ ಬಾಯಿಲೂ ಕೇಳಿ, ಒಪ್ಪಿದ್ದನ್ನ ಬರದು ಸಹಿ ಹಾಕಸೋದು. ಉದ್ದನ ನೋಟುಬುಕ್ಕು ತಂದು ಮ್ಯಾಲೆ 'ಠರಾವು' ಅಂತ ಬರದ್ರು. ಒಳಗ ಅವರ ಮುತ್ತಿನಂಥ ಅಕ್ಷರದಾಗ, ಸದರಿ ಸೇತುವೆಯ ಮೇಲೆ ಯಾರು ಮೊದಲು ಬಂದು ನಿಂತಿರುವರೋ ಅವರಿಗೆ ಪೂರ್ಣ ಬಲವಿರತಕ್ಕದ್ದು, ಇದಕ್ಕೆ ಉಭಯತರೂ ರಾಜಿಖುಷಿಯಿಂದ ಒಪ್ಪಿರುತ್ತೇವೆ. ಕೆಳಗ ಅವರ ಸಹಿ, ನನ್ನ ಸಹಿ. ನನ್ನ ಕೈಯಿಂದ ಸೊಸಿ ಅಂತ ಬರಸ್ಲಿಲ್ಲ, ಎದುರಾಳಿ ಅಂತ ಬರಸಿದ್ರು.

ಎಲ್ಲಾ ಠರಾವೂ ರಾಜಿಖುಷಿಯಿಂದ ಆದ್ವು ಅಂದ್ರ ಸುಳ್ಳಾಗ್ತೈತಿ. ಸೋತ ದಂಡು ಎರಡು ಮನಿ ಹಿಂದ ಸರೀಬೇಕು ಅಂತ ಇತ್ತು. ಯಾವ ಕಡಿ ಅಂತ ಬರದಿದ್ದಿಲ್ಲ. ಗೆದ್ದವ್ರು ತೋರಿಸಿದ ಕಡಿ ಅಂತ ನಾನು, ಸೋತವ್ರು ಆರಿಸಿದ ಕಡಿ ಅಂತ ಅವರು. ಗೆದ್ದಾಕಿ ನಾನು, ಅವರ ದಂಡನ್ನ ನದಿಗೆ ದೂಡೋದಿತ್ತು ನನಗ. ಅವರು ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ಸಿಟ್ಟು ನೆತ್ತಿಗೇರಿ ಎದ್ದು ಹೋಗಿ ಒಳಗ ಭಾಂಡೆ ಕುಕ್ಕಿದೆ. ಮಾವಾರು ಹೊರಗ ಕುಂತು ಎಲಿಅಡಿಕಿ ಹಾಕ್ಕೊಂಡ್ರು. ಅರ್ಧ ತಾಸಿಗೆ ನಾನ ಹೊಳ್ಳಿ ಬಂದು ಕುಂತೆ. ಸೊಸಿ ಆದಾಕಿ ಮಾವನ ಮ್ಯಾಲೆ ಸಿಟ್ಟು ಮಾಡ್ಕೊಂಡು, ಕರೀದೇ ತಿರುಗಿ ಬರೋದು ಅಂದ್ರ ಎಷ್ಟು ಸಲಿಗಿ ನೋಡ್ರಿ.

ಆ ಆಟದಿಂದ ಅವರು ನನಗ ಇನ್ನೊಂದು ಕೆಲಸ ಹಚ್ಚಿದ್ರು. ಹಳೇ ಗಿರಾಕಿಗಳು ಆಗೀಗ ಮನಿಗೆ ಬಂದು ಪತ್ರ ಬರಸತಿದ್ರು. ಮಾವಾರು ಕಚ್ಚಾ ಪ್ರತಿ ಬರದು ನನ್ನ ಕೈಗೆ ಕೊಟ್ಟು, ಸಂದು ಎಲ್ಲೈತಿ ಹುಡುಕು ಅಂತಿದ್ರು. ಅವರು ಬೇಕಂತ ಒಂದು ಸಂದು ಬಿಟ್ಟಿರತಿದ್ರು, ನನ್ನ ಪರೀಕ್ಷಾ ಮಾಡಾಕ. ಬಾವಿ ಬರದು ಬಾವಿಗೆ ಹೋಗೋ ದಾರಿ ಬಿಡೋದು. ಹೊಲ ಬರದು ಬದುವಿನ ಮ್ಯಾಲಿನ ಗಿಡ ಬಿಡೋದು. ನಾನು ಹುಡುಕಿ ಹೇಳಿದ್ರ ಬಾಯಿ ಬಿಟ್ಟು ಹೊಗಳತಿದ್ದಿಲ್ಲ, ಹೂಂ ಅಂತಿದ್ರು. ಆ ಒಂದು ಹೂಂ ಸಲುವಾಗಿ ನಾನು ಪತ್ರಾನ ಮೂರು ಸಲ ಓದ್ತಿದ್ದೆ. ಒಂದು ಸಲನೂ ತಪ್ಪಲಿಲ್ಲ.

ಹಿಂಗ ಐದು ವರ್ಷ. ಊಟ ಆಗಿ ಎರಡೂಕಾಲಿಗೆ ಮಾವಾರು ಕುರ್ಚಿ ಎಳೆಯೋ ಸಪ್ಪಳ, ನಾಕಕ್ಕ ನಾನು ಚಾಕ್ಕ ಏಳೋದು. ನನ್ನ ಜೀವನದಾಗ ಮಧ್ಯಾಹ್ನ ಅಂದ್ರ ಅಷ್ಟ ಆಗಿತ್ತು, ನನಗ ಅಷ್ಟ ಬೇಕಾಗಿತ್ತು.

ಆಮ್ಯಾಲೆ ನನ್ನ ಗಂಡಗ ಕೊಪ್ಪಳಕ್ಕ ವರ್ಗ ಆತು. ಮೈದುನ ಮೊದಲಿಂದ ಕಾರಟಗಿಯೊಳಗ ಅಕ್ಕಿ ಗಿರಣ್ಯಾಗ ಮ್ಯಾನೇಜರ. ಕುಷ್ಟಗಿ ಮನ್ಯಾಗ ಇನ್ನ ಇರೋರು ಯಾರು? ಮಾರಿ ಪಾಲು ಮಾಡ್ಕೊಳ್ಳೋಣು ಅಂತ ಅಣ್ಣ ತಮ್ಮ ಮಾತಾಡ್ಕೊಂಡ್ರು. ಜಗಳ ಏನಿಲ್ಲ, ನಗುನಗುತ ಆತು. ವಾಟ್ನಿ ಪತ್ರದ ಕಚ್ಚಾ ಪ್ರತಿ ಬರೆಯೋರು ಯಾರು? ಮಾವಾರ.

ಅವತ್ತ ಎಲ್ಲಾರೂ ಸೇರಿದ್ರು. ಮೈದುನ, ಆತನ ಹೆಂಡ್ತಿ ಅಂದ್ರ ನನ್ನ ನೆಗೆಣ್ಣಿ, ನಾವಿಬ್ಬರು. ನನ್ನ ನೆಗೆಣ್ಣಿ ಗಂಗಾವತಿ ಕಡಿಯಾಕಿ, ಮಾತಿನ್ಯಾಗ ಅರ್ಧ ತೆಲುಗು, ಸಾಲಿ ಏಳನೇತ್ತಾ ತನಕ. ಮಾವಾರ ಮುಂದ ಆಕಿ ಬಾಯಿ ತಗದಿದ್ದ ನಾ ಕೇಳಿದ್ದಿಲ್ಲ. ಮಾವಾರು ಐದು ಹಾಳಿ ಬರದು, ಯಾವಾಗಿನಂಗ ನನ್ನ ಕೈಗೆ ಕೊಟ್ಟು, ಓದು ಅಂದ್ರು.

ಓದಿದೆ. ಮನಿ ಚಕ್ಕುಬಂದಿ, ಬಾವಿ, ಬೇವಿನ ಗಿಡ, ಅಟ್ಟದ ಮ್ಯಾಲಿನ ತಾಮ್ರದ ಹಂಡೆ, ಒರಳಕಲ್ಲು, ಹಿತ್ತಲ ಬಾಗಿಲಾ ಒಂದು ಬಿಟ್ರ ಎಲ್ಲಾ ಇತ್ತು. ಕಡೀ ಹಾಳ್ಯಾಗ ತಮ್ಮ ಬಗ್ಗೆ ಒಂದ ಸಾಲು. ತಂದೆಯವರು ತಮ್ಮ ಜೀವಿತ ಕಾಲದಲ್ಲಿ ಮಕ್ಕಳ ಹತ್ತಿರ ಇರತಕ್ಕದ್ದು. ಯಾವ ಮಗನ ಹತ್ರ? ಯಾವ ಊರಾಗ? ಹಂಡೆ ಯಾರ ಮನಿಗೆ ಅಂತ ಬರದವ್ರು ತಮ್ಮ ಬಗ್ಗೆ ಬರದಿದ್ದಿಲ್ಲ. ಮುಷ್ಟಿ ಹೋಗೋವಷ್ಟು ಸಂದು.

ನನಗ ಕಾಣಲಿಲ್ಲ ಅಂತಲ್ಲ. ಮೊದಲ ಓದಿಗೇ ಕಂಡಿತು. ನಮ್ಮನ್ಯಾಗ ಇರತಾರ ಅಂತ ಬರೀರಿ ಅಂತ ನಾಲಿಗಿ ತುದಿಗೆ ಬಂದಿತ್ತು. ಆದ್ರ ಗಂಡ, ಮೈದುನ, ನೆಗೆಣ್ಣಿ ಎಲ್ಲಾ ಕುಂತಾರ. ಹಿರೀ ಸೊಸಿ ಮಾವನ್ನ ಬುಟ್ಟಿಗೆ ಹಾಕ್ಕೊಳ್ಳಾಕತ್ಯಾಳ ಅಂದ್ರ? ಅದೊಂದು. ಇನ್ನೊಂದು ನನ್ನ ಸೊಕ್ಕು. ಖರೇ ಹೇಳ್ತೀನಿ, ಸೊಕ್ಕ ಅದು. ಇವರು ಬೇಕಂತ ತಮಗ ಆರಿಸ್ಕೊಳ್ಳಾಕ ಜಾಗಾ ಬಿಟ್ಟಾರ, ನಮ್ಮನಿ ಬಿಟ್ಟು ಎಲ್ಲಿಗೆ ಹೋಗ್ತಾರ, ಕಾರಟಗಿಯೊಳಗ ಇವರ ಜೋಡಿ ಯುದ್ಧ ಆಡೋರು ಯಾರದಾರ ಅಂತ ಒಳಗ ನಕ್ಕೋತ ಕುಂತೆ. ತಾವ ಬಾಯಿಬಿಟ್ಟು ಅನ್ನಲಿ ಅಂತ.

ಹಿತ್ತಲ ಬಾಗಿಲಾ ಬರದಿಲ್ಲರಿ ಅಂದೆ.

ಹೌದು, ಬರೀತೀನಿ ಅಂದ್ರು. ಸ್ವಲ್ಪ ತಡದು ಕೇಳಿದ್ರು, "ಮತ್ತ?"

"ಮತ್ತೇನಿಲ್ರಿ."

"ಬರೋಬ್ಬರಿ ನೋಡಿಯೇನವ್ವ?"

"ನೋಡೀನ್ರಿ."

ಅವರು ಪೆನ್ನಿಗೆ ಟೊಪ್ಪಿಗಿ ಹಾಕಿದ್ರು. ನಾನು ಚಾ ಮಾಡಾಕ ಒಳಗ ಹೋದೆ.

ಮನಿ ಖಾಲಿ ಮಾಡೋ ದಿನ ಎರಡು ಟೆಂಪೋ ಬಂದ್ವು. ಮಾವಾರ ಟ್ರಂಕು ಕಾರಟಗಿ ಟೆಂಪೋಕ್ಕ ಏರ್ತು. ನಾಕು ದಿನಕ್ಕ ಹೊಂಟಾರ, ಹೊಳ್ಳಿ ಬರ್ತಾರ ಅಂದ್ಕೊಂಡೆ. ಮೇಜು ನಮ್ಮ ಪಾಲಿಗೆ ಬಂದಿತ್ತು. ಅವರು ಡಬ್ಬಿ ತಂದು ಮೇಜಿನ ಮ್ಯಾಲಿಟ್ಟು, ಇದು ನಿನ್ನ ಹತ್ರ ಇರಲಿ ಅಂದು ತಿರುಗಿ ನೋಡದೆ ಟೆಂಪೋ ಹತ್ತಿದ್ರು. ಆಗ ನನಗ ತಿಳೀತು, ಹೊಳ್ಳಿ ಬರೋ ಮನಶ್ಯಾ ಡಬ್ಬಿ ಹಿಂಗ ಕೊಡಂಗಿಲ್ಲ ಅಂತ.

ಸಿಟ್ಟು ಬಂತ್ರಿ. ಐದು ವರ್ಷ ಆಡಿ, ಆಡಿಸಿ, ಒಂದು ಮಾತು ಹೇಳದೆ ಹೋದ್ರಲ್ಲ ಅಂತ. ನಾನೂ ಹಟಮಾರಿ. ಹಬ್ಬಕ್ಕ ಫೋನು, ಆರಾಮದೀರೇನ್ರಿ, ಆರಾಮ, ಮುಗೀತು. ಕೊಪ್ಪಳದ ಮನ್ಯಾಗ ಗಾಳಿ ಬೆಳಕಿನ ಕೋಲಿ ಒಂದು ಹಂಗ ಬಿಟ್ಟಿದ್ದೆ, ಅದರಾಗ ಮೇಜು, ಎರಡು ಕುರ್ಚಿ. ಎರಡೂಕಾಲು ಆದ್ರ ಕಿವಿ ತಾನ ಆ ಕಡಿ ಹೋಗ್ತಿತ್ತು. ಒಬ್ಬಾಕಿನ ಎರಡೂ ದಂಡು ಆಡಿ ನೋಡಿದೆ. ನನ್ನ ಬಲಗೈ ಸೋಲಬಾರ್ದು ಅಂತ ಎಡಗೈ ತಪ್ಪು ಆಡೋದು. ನೆಟ್ಟಗ ಒಂದು ಜಗಳ ಇಲ್ಲ, ತಕರಾರಿಲ್ಲ. ನಕಾಶಿ ಮಡಚಿಟ್ಟೆ. ಅಡಗಿಮನ್ಯಾಗ ನಿಂತು ಅತ್ತೆ, ಸತ್ತವರಿಗೆ ಅತ್ತಂಗ, ಬದುಕಿ ಎರಡು ಬಸ್ಸಿನ ದಾರ್ಯಾಗ ಇದ್ದ ಮನಶ್ಯಾಗ.

ಹಿಂಗ ಒಂದೂವರಿ ವರ್ಷ ಕಳೀತು. ಒಂದಿನ ತಡೀಲಿಕ್ಕ ಆಗಲಿಲ್ಲ. ಪುಸ್ತಕದಾಗ ಹೊಸಾ ತಕರಾರು ಒಂದು ಹುಡುಕಿದೆ. ಹೋಗಾಕ ನೆವ ಬೇಕಲ್ಲ. ಡಬ್ಬಿ ಚೀಲದಾಗ ಹಾಕ್ಕೊಂಡು ಗಂಗಾವತಿ ಬಸ್ ಹತ್ತಿ, ಅಲ್ಲಿಂದ ಕಾರಟಗಿ ಬಸ್ ಹಿಡದೆ. ಎರಡೂ ಕಡಿ ಭತ್ತದ ಗದ್ದಿ ಹಸರು ಹಸರು. ನಮ್ಮ ಎರೀ ಹೊಲದ ಮಂದಿಗೆ ಅಷ್ಟು ನೀರು ನೋಡಿದ್ರ ದಿಗಿಲು.

ಮಾವಾರು ಹೊರಗಿನ ಕಟ್ಟಿ ಮ್ಯಾಲೆ ಕುಂತಿದ್ರು. ಸೊರಗಿದ್ದಿಲ್ಲ, ಬೆಳ್ಳಗ ಗುಂಡಗ ಆಗಿದ್ರು. ಅದು ನೋಡಿ ಸಮಾಧಾನನೂ ಆತು, ಹೊಟ್ಟೆಕಿಚ್ಚೂ ಆತು. ನೆಗೆಣ್ಣಿ ನನ್ನ ಕೈ ಹಿಡಕೊಂಡು ಒಳಗ ಕರಕೊಂಡು ಹೋಗಿ, ಉಣ್ಣಾಕ ಹಾಕಿ, ಮಾವಾರ ಎದುರು ಕುರ್ಚಿ ತಂದಿಟ್ಟು, ಕುಂದರ್ರಿ ಅಕ್ಕಾರ, ಮಾವಾರು ಹೇಳ್ಯಾರ, ನೀವು ಕುಂತ ಆಡೋದಂತ, ಅಂದ್ಲು. ಚಾ ಕೊಡೋ ಮುಂದ ಮಾವಾರ ಕಪ್ಪಿಗೆ ಸಕ್ರಿ ಹಾಕಿದ್ದಿಲ್ಲ. ನಾನು ಸಕ್ರಿ ಡಬ್ಬಿ ತೆಗೀಲಿಕ್ಕೆ ಹೋದೆ. ಆಕಿ, ಮಾವಾರು ಸಕ್ರಿ ಬಿಟ್ಟಾರಕ್ಕಾರ ಅಂದ್ಲು. ನನಗ ಗೊತ್ತ ಇದ್ದಿಲ್ಲ.

ನಕಾಶಿ ಹಾಸಿದ್ವಿ. ನನ್ನ ಹೊಸಾ ತಕರಾರು ಕೇಳಿ ಮಾವಾರು, ಇದು ಹದಿನೇಳನೇ ಠರಾವಿನ್ಯಾಗ ಬಗಿಹರದೈತಿ, ನಿನಗ ಗೊತ್ತೈತಿ ಅಂದ್ರು. ಗೊತ್ತಿತ್ತು. ತಲಿ ಬಗ್ಗಿಸಿದೆ. ಅವರು ಒಂದು ಕಾಯಿ ಕೈಯಾಗ ತಗೊಂಡ್ರು.

"ನಿನ್ನ ಕಣ್ಣಿಗೆ ತಪ್ಪಿದ ಸಂದು ಇಲ್ಲವ್ವ," ಅಂದ್ರು. "ವಾಟ್ನಿ ಪತ್ರದಾಗ ಅದೊಂದನ್ನ ಬಿಟ್ಟಿ. ತಿಳಕೊಂಡೆ ನಾ. ಬ್ಯಾಡ ಅಂತ ಬಾಯಿಲೆ ಅನ್ನಲಾರದ ಹಂಗ ಮಾಡ್ಯಾಳ ಅಂತ."

ಅದು ಪರೀಕ್ಷಾ. ಎಲ್ಲಾ ಪತ್ರದಾಗ ಬಿಡೋವಂಗ ನನ್ನ ಸಲುವಾಗೇ ಬಿಟ್ಟಿದ್ರು. ನಾನು ಹುಡುಕಿ, ನಮ್ಮನಿ ಅಂತ ಹೇಳಬೇಕಾಗಿತ್ತು, ಅವರು ಹೂಂ ಅಂತಿದ್ರು. ಎಲ್ಲಾ ಹೇಳಿದೆ. ಕಂಡಿತ್ತು ಅಂದೆ, ಮಂದಿಗೆ ಅಂಜಿದೆ ಅಂದೆ, ಸೊಕ್ಕು ಮಾಡಿದೆ ಅಂದೆ. ನೀವ ಅನ್ನಲಿ ಅಂತ ಕಾದೆ ಅಂದೆ. ಹೇಳಕೋತ ಸೆರಗು ತಲಿಮ್ಯಾಲಿಂದ ಬಿದ್ದಿದ್ದೂ ಖಬರಿಲ್ಲ.

ಮಾವಾರು ಕಾಯಿ ಮೇಜಿನ ಮ್ಯಾಲಿಟ್ರು. ಕಣ್ಣು ಒರಸ್ಕೊಂಡ್ರು, ಮಂಜುಗಣ್ಣಿಗೆ ಆಗಾಗ ನೀರು ಬರತೈತಿ ಅಂದ್ರು.

"ಈಗರ ಬರ್ರಿ ಮಾವಾರ. ನಮ್ಮನ್ಯಾಗ ಇರ್ರಿ."

ಅವರು ಒಳಬಾಗಿಲ ಕಡಿ ನೋಡಿದ್ರು. ಒಳಗ ನೆಗೆಣ್ಣಿ ಅಕ್ಕಿ ಹಸನು ಮಾಡೋ ಮರದ ಸಪ್ಪಳ ಬರತಿತ್ತು. ದನಿ ಸಣ್ಣ ಮಾಡಿ ಹೇಳಿದ್ರು. ಅವತ್ತ ನಾನು ಚಾ ಮಾಡಾಕ ಒಳಗ ಹೋದಾಗ, ಗಂಡಸರು ಹೊರಗ ಬೇವಿನ ಗಿಡದ ಹತ್ರ ಹೋಗಿದ್ರಂತ. ಇವರೊಬ್ಬರ ಕುಂತಾಗ ಆಕಿ ನೀರು ತಂದು ಕೊಟ್ಲಂತ.

"ಆಕಿ ಆ ಹಾಳಿ ಓದಿದ್ದಿಲ್ಲವ್ವ. ಸಂದು ಗಿಂದು ಆಕಿಗೆ ಗೊತ್ತಿಲ್ಲ. ಮಾವಾರ ನಮ್ಮನಿಗೆ ಬರ್ರಿ ಅಂದ್ಲು. ಹೂಂ ಅಂದೆ. ಈಗ ಎದ್ದು ಬಂದ್ರ, ಸಣ್ಣ ಸೊಸಿ ನೋಡ್ಕೊಳ್ಳಲಿಲ್ಲ ಅಂತ ಊರು ಅಂತೈತಿ. ಆಕಿ ನನ್ನ ಭಾಳ ಛಲೋ ನೋಡ್ಕೊಂಡಾಳ."

ಅದಕ್ಕ ಏನು ತಕರಾರು ತಗೀಲಿ? ನಾನು ಒಳಗ ಹೋಗಿ ಆಕಿ ಬಾಜು ಕುಂತು, ಇನ್ನೊಂದು ಮರ ತಗೊಂಡು ಅಕ್ಕಿ ಹಸನು ಮಾಡಿದೆ. ಆಕಿ ತನ್ನ ಮರದಾನ ಅಕ್ಕಿ ಅರ್ಧ ನನ್ನ ಮರಕ್ಕ ಸುರುವಿದ್ಲು.

ಈಗ ತಿಂಗಳಿಗೆ ಎರಡು ಸಲ ಹೋಗ್ತೀನಿ. ಆಡ್ತೀವಿ, ವಾದ ಮಾಡ್ತೀವಿ, ಠರಾವು ಬರೀತೀವಿ. ಐದರ ಬಸ್ಸಿಗೆ ಅವರು ಕೋಲು ಊರಿಕೋತ ಸ್ಟ್ಯಾಂಡಿನ ತನಕ ಬರ್ತಾರ. ಬಸ್ ಹತ್ತೋ ಮುಂದ ಪ್ರತಿ ಸಲ ಅಂತೀನಿ, ಮಾವಾರ, ನಮ್ಮನಿಗೆ ಬರ್ರಿ. ಮಂದಿ ಕೇಳಿದ್ರ ಕೇಳಲಿ, ಜೋರಾಗೇ ಅಂತೀನಿ. ಅವರು ಹೂಂ ಅಂತಾರ. ಬರಂಗಿಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಆದ್ರೂ ಮುಂದಿನ ಸಲನೂ ಅಂತೀನಿ.